ಪ್ಲೀಸಿಯೊಸಾರ್ ಬರೆಯಲು ಕಲಿಯಬೇಕು, ಅನುಭವ ಇದ್ದವರು ಹೇಳಿ

ಹಾಸನದ ಅಪ್ಪ: ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಹಿಡಿದವನಲ್ಲ ನಾನು. ಏಳು ವರ್ಷದ ಮಗಳಿಗೆ ಪ್ಲೀಸಿಯೊಸಾರ್ ಹುಚ್ಚು, ಡೈನೋಸಾರ್ ಕಾಲದ ಉದ್ದ ಕತ್ತಿನ ಕಡಲ ಸರೀಸೃಪ ಅದು. ಸಂಜೆ ಅವಳ ಜೊತೆ ಕೂತು ಬರೆಯೋಣ ಅಂತ ಆಸೆ. ಪೆನ್ಸಿಲ್ ಸಾಕಾ, ಡ್ರಾಯಿಂಗ್ ಟ್ಯಾಬ್ಲೆಟ್ ಬೇಕಾ? ಕತ್ತು ಪ್ರತಿ ಸಲ ಹಾವಿನ ಥರ ಆಗುತ್ತೆ. ಎರಡು ಸಾವಿರದ ಒಳಗೆ ಮುಗಿಯಬೇಕು.

ತುಮಕೂರು: 2021ರಲ್ಲಿ ಪರದೆ ಇಲ್ಲದ ಟ್ಯಾಬ್ಲೆಟ್ 4,200 ಕೊಟ್ಟು ತಗೊಂಡೆ. ಕೈ ಮೇಜಿನ ಮೇಲೆ, ಕಣ್ಣು ಕಂಪ್ಯೂಟರ್ ಮೇಲೆ. ಆರು ವಾರ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ನಿಬ್ ಸವೆದು 450, ಕೇಬಲ್ಲನ್ನು ನಾಯಿಮರಿ ಕಚ್ಚಿ 380. ಕೊನೆಗೆ ಪರದೆ ಇರೋದನ್ನೇ ತಗೊಂಡೆ, 23,500, ಒಂಬತ್ತು ತಿಂಗಳ ಇಎಂಐ. ಮನೆಯಲ್ಲಿ ಎರಡು ವಾರ ಮಾತಿಲ್ಲ. ಆದರೂ ಅದೇ ಸರಿ ಅಂತೀನಿ. ಕೆಳಗಿನ ಲೇಯರ್‌ನಲ್ಲಿ ಅಸ್ಥಿಪಂಜರ, ಅದರ ಮೇಲೆ ಮಾಂಸ, ಅದರ ಮೇಲೆ ಚರ್ಮ. ಇಲಾಸ್ಮೊಸಾರಸ್ ಅನ್ನೋ ಪ್ಲೀಸಿಯೊಸಾರ್‌ಗೆ ಕತ್ತಲ್ಲೇ 72 ಮೂಳೆ. ಒಂದೊಂದನ್ನೂ ಎಣಿಸಿ ಕೂರಿಸಿದ್ದೀನಿ. ಕಾಗದದಲ್ಲಿ ಹಾಗೆ ಮಾಡಲು ಹೋದರೆ ಅಳಿಸಿ ಅಳಿಸಿ ತೂತು ಬೀಳುತ್ತೆ.

ಧಾರವಾಡ ಮಾಸ್ತರ: ಎಪ್ಪತ್ತೆರಡು ಎಲವು ಎಣಿಸಿ ಯಾವ ಹುಡುಗೂ ಚಿತ್ರ ತಗದಿಲ್ರಿ. ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಕಲಿಸೀನಿ ನಾನು. ನಮ್ಮ ಸಾಲಿ ಕಂಪೌಂಡ್ ಗ್ವಾಡಿಗೆ ಹದಿನಾಕು ಫೂಟಿನ ಪ್ಲೀಸಿಯೊಸಾರ್ ತಗದಿದ್ದೆ, ಹಂಸದಂಗ ಕುತ್ತಿಗಿ ನೀರಿನ ಮ್ಯಾಲ ಎತ್ತಿ. ಪ್ರೈಮರ್ 900, ನೀಲಿ ಎನಾಮೆಲ್ 640, ಬ್ರಶ್ 310, ಎಲ್ಲಾ ನನ್ನ ಪಗಾರದಾಗಿಂದ. ಕಾರ್ಯಕ್ರಮಕ್ಕ ಬಂದಿದ್ದ ಭೂವಿಜ್ಞಾನದ ಪ್ರಾಧ್ಯಾಪಕರು ಎಲ್ಲಾರ ಮುಂದ ಹೇಳಿದ್ರು, ಆ ಕುತ್ತಿಗಿ ಎಲವು ಒಂದಕ್ಕೊಂದು ಬಿಗಿ ಕುಂತಿರತಾವ, ಹಂಸದಂಗ ಮಣಿಯೂದಿಲ್ಲ, ಅಷ್ಟು ಭಾರ ಗಾಳಿಯಾಗ ಎತ್ತಿದ್ರ ಮೈಯೇ ಮುಂದಕ್ಕ ವಾಲತದ ಅಂತ. ಆ ರಾತ್ರಿ ನಿದ್ದಿ ಹತ್ತಲಿಲ್ಲ. ಎರಡು ಕೋಟ್ ಬಿಳಿ ಬಳದು ಮತ್ತ ತಗದೆ, ಮತ್ತ 1,450. ಇವತ್ತಿಗೂ ಆ ಗ್ವಾಡಿ ಅದ. ಕುತ್ತಿಗಿ ಮೈಗೆ ನೆಟ್ಟಗ, ತುದಿಗೆ ಅಷ್ಟ ಬಾಗೇದ. ಮೊದಲ ಗಟ್ಟಿ ಡಬ್ಬಿಯಂಥ ಮೈ, ಅದಕ್ಕ ದೋಣಿ ಹುಟ್ಟಿನಂಥ ನಾಕು ರೆಕ್ಕಿ, ಗಿಡ್ಡ ಬಾಲ, ಕಡೀಕ ಕುತ್ತಿಗಿ. ಟೂಬಿ ಪೆನ್ಸಿಲ್ ಹತ್ತು ರೂಪಾಯಿ. ಇಪ್ಪತ್ಮೂರು ಸಾವಿರ ಸುರದವರು ಕೈ ಪಳಗಿಸೂದು ಹೇಳಿಕೊಡಬ್ಯಾಡ್ರಿ.

ತುಮಕೂರು: ಮೇಷ್ಟ್ರೇ, ಮೂಳೆಯನ್ನು ಸರಿಯಾಗಿ ನೋಡದಿದ್ದರೆ ಏನಾಗುತ್ತೆ ಗೊತ್ತಾ? ಅಮೆರಿಕದ ಪಳೆಯುಳಿಕೆ ತಜ್ಞ ಕೋಪ್ ಇದೇ ಇಲಾಸ್ಮೊಸಾರಸ್‌ನ ಕತ್ತನ್ನು ಬಾಲ ಅಂದುಕೊಂಡು, ತಲೆಯನ್ನು ಬಾಲದ ತುದಿಗೆ ಕೂರಿಸಿ 1869ರಲ್ಲಿ ಚಿತ್ರ ಅಚ್ಚು ಹಾಕಿಸಿದ್ದ. ಇನ್ನೊಬ್ಬ ತಜ್ಞ ಲೈಡಿ ತಪ್ಪು ಎತ್ತಿ ತೋರಿಸಿದ ಮೇಲೆ ಹಂಚಿದ ಪ್ರತಿಗಳನ್ನು ವಾಪಸ್ ಪಡೆಯಲು ಒದ್ದಾಡಿದ. ಇನ್ನು ದುಡ್ಡಿನ ಮಾತು: ಇಎಂಐ ನಾನು ಕಟ್ಟಿದ್ದು, ನೀವಲ್ಲ.

ಮಲ್ಪೆಯ ಅಮ್ಮ: ಇಬ್ಬರೂ ಪ್ಲೀಸಿಯೊಸಾರನ್ನೇ ಹಿಡಿದು ಕೂತಿದ್ದೀರಲ್ಲ ಮಾರಾಯ್ರೆ. ಹೊಸಬರು ಇಕ್ತಿಯೊಸಾರ್‌ನಿಂದ ಶುರು ಮಾಡಬೇಕು, ಅದು ಮೀನಿನಂಥ ಮೈಯ ಕಡಲ ಸರೀಸೃಪ. ಒಂದು ಬಂಗುಡೆ ಎದುರಿಗೆ ಇಟ್ಟುಕೊಂಡರೆ ಮೈಯ ಗೆರೆ ಬಂದ ಹಾಗೆಯೇ. ನನ್ನ ಮಗ ಸ್ಪರ್ಧೆಗೆ ಅದನ್ನೇ ಬರೆದ. ಜಲವರ್ಣದ ಕಾಗದ ಹತ್ತು ಹಾಳೆಗೆ 870. ಎಂಟು ಅಭ್ಯಾಸಕ್ಕೇ ಹೋಯಿತು, ಒಂಬತ್ತನೆಯದರ ಮೇಲೆ ಅವನ ತಂಗಿ ಚಾ ಚೆಲ್ಲಿದಳು, ಉಳಿದದ್ದು ಒಂದೇ. ಬೆನ್ನುಮೂಳೆ ಬಾಲದ ಕೆಳಗಿನ ಕವಲಿಗೆ ಇಳಿಯುವುದನ್ನು ಎಷ್ಟು ಚಂದ ತೋರಿಸಿದ್ದ! ತೀರ್ಪುಗಾರರು "ಶಾರ್ಕಿಗೆ ಮೇಲಕ್ಕೆ ಹೋಗ್ತದೆ, ಇದು ತಲೆಕೆಳಗು" ಅಂತ ಅಂಕ ಕಡಿದರು. ಅದು ಶಾರ್ಕ್ ಅಲ್ಲ, ಸರೀಸೃಪ! ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ 1854ರ ಇಕ್ತಿಯೊಸಾರ್ ಮೂರ್ತಿಗಳಿಗೆ ಬೆನ್ನ ಮೇಲೆ ರೆಕ್ಕೆಯೇ ಇಲ್ಲ. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಚರ್ಮದ ಅಂಚು ಸಮೇತ ಪಳೆಯುಳಿಕೆ ಸಿಕ್ಕ ಮೇಲೆಯೇ ಬೆನ್ನಿನ ರೆಕ್ಕೆ, ಅರ್ಧಚಂದ್ರದಂಥ ಬಾಲ ಸರಿಯಾಗಿ ಗೊತ್ತಾದದ್ದು. ಇಷ್ಟೆಲ್ಲ ಓದಿ ನಾನೇ ಹೇಳಿಕೊಟ್ಟಿದ್ದೆ. ನಮ್ಮ ದೇಶದಲ್ಲೇ, ಕಛ್‌ನಲ್ಲಿ, ಐದೂವರೆ ಮೀಟರಿನದ್ದು ಸಿಕ್ಕಿದ್ದು 2017ರಲ್ಲಿ ಪೇಪರಿನಲ್ಲಿ ಬಂದಿತ್ತು. ಅದನ್ನೂ ಓದದವರು ತೀರ್ಪು ಕೊಡುವುದಾ? ಮಗ ಎರಡು ತಿಂಗಳು ಬ್ರಶ್ ಮುಟ್ಟಲಿಲ್ಲ.

ಬೆಂಗಳೂರು ಸೌತ್: ಮಕ್ಕಳಿಗೆ ಒಂದು ಡೈನೋಸಾರ್ ಚಿತ್ರ ಬಿಡಿಸೋಕೆ ಇಷ್ಟು ಜಗಳ ಯಾಕೆ?

ಮಲ್ಪೆಯ ಅಮ್ಮ: ಪ್ಲೀಸಿಯೊಸಾರೂ ಡೈನೋಸಾರ್ ಅಲ್ಲ, ಇಕ್ತಿಯೊಸಾರೂ ಡೈನೋಸಾರ್ ಅಲ್ಲ. ಅದೇ ಕಾಲದ್ದು ಅಷ್ಟೇ, ಬೇರೆ ಕುಲ.

ತುಮಕೂರು: ಅಕ್ಕ ಹೇಳಿದ್ದು ಸರಿ. ಮತ್ತೆ ಚಿತ್ರ "ಬರೆಯೋದು" ಅನ್ನಿ. ಬಿಡಿಸೋದು ಗಂಟನ್ನ.

ಬೆಂಗಳೂರು ಸೌತ್: ನಮ್ಮಜ್ಜಿ ಕಾಲದಿಂದ ಚಿತ್ರ ಬಿಡಿಸೋದು ಅಂತಲೇ ಇದೆ. ರಂಗೋಲಿ ಬಿಡಿಸಲ್ವಾ ನಿಮ್ಮನೇಲಿ? ಬರೆಯೋದು ಅಕ್ಷರ.

ಧಾರವಾಡ ಮಾಸ್ತರ: ಎರಡೂ ಅಲ್ಲ, ಚಿತ್ರ ತಗಿಯೋದು. ನಮ್ಮ ಕಡೆ ಹುಟ್ಟಿದ ಕೂಸೂ ಹಂಗ ಅಂತದ.

ತುಮಕೂರು: ತೆಗೆಯೋದು ಫೋಟೋ ಮೇಷ್ಟ್ರೇ.

ಧಾರವಾಡ ಮಾಸ್ತರ: ಫೋಟೋ ಬರೂಕಿಂತ ಮೊದಲ ನಮ್ಮ ಹಿರ್‍ಯಾರು ಏನು ಮಾಡತಿದ್ರು ಹಂಗಾರ? ಭಾಷಾದ ಬಗ್ಗೆ ನನಗ ಹೇಳಬ್ಯಾಡ್ರಿ.

ಹಾಸನದ ಅಪ್ಪ: ಟೂಬಿ ಎರಡು, ರಬ್ಬರ್, ಡ್ರಾಯಿಂಗ್ ಬುಕ್, ಒಟ್ಟು 95 ಆಯ್ತು. ಡಬ್ಬಿ ಮೈ, ನಾಲ್ಕು ರೆಕ್ಕೆ ಬಂತು, ಕತ್ತೂ ನೆಟ್ಟಗಿದೆ. ಮುಂದಿನ ರೆಕ್ಕೆ ದೊಡ್ಡದಾ, ಹಿಂದಿನದಾ ಅಂತ ಮಗಳು ಕೇಳ್ತಿದ್ದಾಳೆ.

ಧಾರವಾಡ ಮಾಸ್ತರ: ನಾಕೂ ಹೆಚ್ಚುಕಡಿಮಿ ಒಂದ ಅಳತಿ ತಗೀರಿ. ಭೇಷ್ ಅಂತ ಹೇಳ್ರಿ ಆಕಿಗೆ.

ತುಮಕೂರು: ಯಾವ ಜಾತಿ ಅಂತ ಮೊದಲು ಹೇಳಿ, ಆಮೇಲೆ ಅಳತೆ. ಎಲ್ಲದಕ್ಕೂ ಒಂದೇ ಅಳತೆ ಇಲ್ಲ.