ಕೋಳಿಯ ವೈರಸ್ಸು, ಕೋಶಗಳ ‘ಫ್ಯೂಜನ್’: ಸಮ್ಮಿಲನವೇ, ವಿಲೀನವೇ, ಒಂದುಗೂಡುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಬಾಗಲಕೋಟೆಯಿಂದ ನಮಸ್ಕಾರ.

ಕೋಳಿಗಳಿಗೆ ಬರುವ ರಾಣಿಖೇತ್ ರೋಗದ ವೈರಸ್ಸಿನ ಕುರಿತು ಇಲ್ಲಿಯ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಆ ವೈರಸ್ಸಿನ ಪ್ರೋಟೀನುಗಳಲ್ಲಿ ಸರಪಳಿಯ ಕೊಂಡಿಗಳಂತಿರುವ ಅಮೈನೊ ಆಮ್ಲಗಳು ಒಂದೆರಡು ಬದಲಾದರೆ, ಕೋಶಗಳನ್ನು ಫ್ಯೂಸ್ ಮಾಡುವ, ಅಂದರೆ ಬೇರೆ ಬೇರೆ ಕೋಶಗಳನ್ನು ಒಂದೇ ಕೋಶವಾಗಿಸುವ, ಅದರ ಶಕ್ತಿ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದು ಲೇಖನದ ವಿಷಯ. ರೋಗದ ಹೆಸರಿನಲ್ಲಿ ನನಗೆ ತೊಡಕಿಲ್ಲ. ಕನ್ನಡ ಕೈಪಿಡಿಗಳಲ್ಲಿ ‘ಕೊಕ್ಕರೆ ರೋಗ’ ಎಂಬ ಹೆಸರು ಬಳಕೆಯಲ್ಲಿದೆ. ಬೆಳಗಾವಿಯ ಗಡಿಯ ಕಡೆ ಮರಾಠಿ ಮಾತಾಡುವವರು ‘ಮಾನಮೋಡಿ’ ಎನ್ನುತ್ತಾರೆ, ಅಂದರೆ ಕುತ್ತಿಗೆ ತಿರುಚಿಕೊಳ್ಳುವ ಬ್ಯಾನಿ. ತೊಡಕಿರುವುದು ‘ಫ್ಯೂಜನ್’ ಎಂಬುದಕ್ಕೆ ಯಾವ ಪದವನ್ನು ಹಿಡಿಯಬೇಕು ಎಂಬಲ್ಲಿ. ಈ ವಿಷಯದಲ್ಲಿ ಪದ ಸ್ವಲ್ಪ ಸಡಿಲವಾದರೂ ಪ್ರಯೋಗದ ಫಲಿತಾಂಶವೇ ಅರ್ಥವಾಗದೆ ಹೋಗುತ್ತದೆ. ಆದ್ದರಿಂದ ಮೊದಲು ಅಲ್ಲಿ ನಡೆಯುವ ಕ್ರಿಯೆಯನ್ನು ಬಿಡಿಸಿ ಹೇಳಿ, ಆಮೇಲೆ ಪದಗಳಿಗೆ ಬರುತ್ತೇನೆ.

ಈ ವೈರಸ್ಸಿನ ಹೊರಪೊರೆಯ ಮೇಲೆ ಎರಡು ಬಗೆಯ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. ಒಂದನ್ನು ಎಚ್‌ಎನ್ ಎಂದೂ ಇನ್ನೊಂದನ್ನು ಎಫ್ ಎಂದೂ ಕರೆಯುತ್ತಾರೆ. ಎಚ್‌ಎನ್ ಪ್ರೋಟೀನು ಕೋಳಿಯ ಕೋಶದ ಮೇಲಿರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ಬಗೆಯ ಅಣುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುತ್ತದೆ. ಎಫ್ ಪ್ರೋಟೀನು 553 ಅಮೈನೊ ಆಮ್ಲಗಳ ಸರಪಳಿ. ಅದು ತಯಾರಾದಾಗ ನಿಷ್ಕ್ರಿಯವಾಗಿರುತ್ತದೆ. ಅದರ 116 ಮತ್ತು 117ನೆಯ ಸ್ಥಾನಗಳ ನಡುವೆ ಆತಿಥೇಯ ಕೋಶದ್ದೇ ಆದ ಒಂದು ಕಿಣ್ವ ಸೀಳಿದ ಮೇಲೆ ಮಾತ್ರ ಅದು ಕೆಲಸಕ್ಕೆ ಸಿದ್ಧವಾಗುತ್ತದೆ. ಎಚ್‌ಎನ್ ಕೋಶಕ್ಕೆ ಅಂಟಿಕೊಂಡು ಪ್ರಚೋದಿಸಿದಾಗ ಎಫ್ ತನ್ನ ರೂಪವನ್ನು ಬದಲಿಸುತ್ತದೆ: ಅದರ ಒಂದು ತುದಿ ಎದುರಿನ ಕೋಶದ ಪೊರೆಯೊಳಗೆ ನಾಟಿಕೊಳ್ಳುತ್ತದೆ, ನಡುವಿನ ಭಾಗ ಮಡಿಚಿಕೊಂಡು ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ, ಕೊನೆಗೆ ಎರಡು ಪೊರೆಗಳು ಒಂದೇ ಪೊರೆಯಾಗಿ ವೈರಸ್ಸಿನ ಒಳಗಿನ ಆರ್‌ಎನ್‌ಎ ಕೋಶದೊಳಕ್ಕೆ ಇಳಿಯುತ್ತದೆ. ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಸೋಂಕು ತಗುಲಿದ ಕೋಶವು ಇದೇ ಎರಡು ಪ್ರೋಟೀನುಗಳನ್ನು ತನ್ನ ಮೈಮೇಲೆ ತೋರಿಸತೊಡಗುವುದರಿಂದ ಅದು ಪಕ್ಕದ ಕೋಶದೊಡನೆಯೂ ಒಂದಾಗಿ, ಅನೇಕ ಕೋಶಕೇಂದ್ರಗಳಿರುವ ಒಂದು ದೊಡ್ಡ ಕೋಶವಾಗುತ್ತದೆ. ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುವುದು ಹೆಚ್ಚಾಗಿ ಇದನ್ನೇ.

ಹೀಗೆ ಅಂಟುವುದು, ಸೀಳುವುದು, ಒಂದಾಗುವುದು ಎಂಬ ಮೂರು ಬೇರೆ ಬೇರೆ ಕ್ರಿಯೆಗಳು ಇಲ್ಲಿವೆ. ಪ್ರೋಟೀನಿನಲ್ಲಿ ಆಗುವ ಬದಲಾವಣೆಗಳು ಈ ಮೂರರಲ್ಲಿ ಯಾವುದನ್ನು ಮುಟ್ಟುತ್ತವೆ ಎಂಬುದೇ ಸಂಶೋಧನೆಯ ತಿರುಳು.

ಸೀಳುವ ಜಾಗವನ್ನೇ ಮೊದಲು ನೋಡಬಹುದು. ಉಗ್ರ ತಳಿಗಳಲ್ಲಿ ಆ ಜಾಗದಲ್ಲಿ ಅರ್ಜಿನಿನ್, ಲೈಸಿನ್‌ನಂಥ ಪ್ರತ್ಯಾಮ್ಲೀಯ ಅಮೈನೊ ಆಮ್ಲಗಳು ಒತ್ತಾಗಿದ್ದು, 117ನೆಯ ಸ್ಥಾನದಲ್ಲಿ ಫಿನೈಲ್‌ಅಲನಿನ್ ಇರುತ್ತದೆ. ಅಂಥ ಜಾಗವನ್ನು ಸೀಳಬಲ್ಲ ಫ್ಯೂರಿನ್ ಕಿಣ್ವ ಮೈಯ ಬಹುತೇಕ ಎಲ್ಲ ಅಂಗಾಂಶಗಳಲ್ಲಿಯೂ ಇರುವುದರಿಂದ ವೈರಸ್ಸು ಮಿದುಳಿನವರೆಗೂ ಹರಡುತ್ತದೆ. ಸೌಮ್ಯ ತಳಿಗಳಲ್ಲಿ ಪ್ರತ್ಯಾಮ್ಲೀಯ ಅಮೈನೊ ಆಮ್ಲಗಳು ಕಡಿಮೆ, 117ರಲ್ಲಿ ಇರುವುದು ಲ್ಯೂಸಿನ್. ಅದನ್ನು ಸೀಳುವ ಟ್ರಿಪ್ಸಿನ್ ಬಗೆಯ ಕಿಣ್ವಗಳು ಉಸಿರಾಟದ ನಾಳದಲ್ಲಿಯೂ ಕರುಳಿನಲ್ಲಿಯೂ ಮಾತ್ರ ಸಿಗುವುದರಿಂದ ಸೋಂಕು ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಕೋಳಿಮರಿಗಳ ಕಣ್ಣಿಗೆ ಹನಿ ಹಾಕುವ ಲಸೋಟಾ ಲಸಿಕೆ ಈ ಸೌಮ್ಯ ಗುಂಪಿನದು. 1999ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಲಸೋಟಾ ವೈರಸ್ಸಿನ ಸೀಳುವ ಜಾಗವನ್ನಷ್ಟೇ ಉಗ್ರ ತಳಿಯದರಂತೆ ತಿದ್ದಿದಾಗ, ಒಂದು ದಿನದ ಮರಿಗಳ ಮಿದುಳಿಗೆ ಚುಚ್ಚಿ ಅಳೆಯುವ ಉಗ್ರತೆಯ ಸೂಚ್ಯಂಕ ಸೊನ್ನೆಯಿಂದ 1.28ಕ್ಕೆ ಏರಿತು. ಈ ಸೂಚ್ಯಂಕದ ಗರಿಷ್ಠ ಮಿತಿ 2. ಹಾಗೆಂದು ಸೀಳುವ ಜಾಗವೇ ಎಲ್ಲವೂ ಅಲ್ಲ: ಉತ್ತರಾಖಂಡದ ಮುಕ್ತೇಶ್ವರದಲ್ಲಿ ರೂಪುಗೊಂಡು, ನಮ್ಮ ದೇಶದಲ್ಲಿ ಮರಿಯ ವಯಸ್ಸು ದಾಟಿದ ಕೋಳಿಗಳಿಗೆ ಕೊಡುತ್ತ ಬಂದಿರುವ ಆರ್2ಬಿ ಲಸಿಕೆಯ ವೈರಸ್ಸಿನಲ್ಲಿ ಆ ಜಾಗ ಉಗ್ರ ತಳಿಗಳದರಂತೆಯೇ ಇದ್ದರೂ ಅದು ಮಧ್ಯಮ ಉಗ್ರತೆಯದೇ ಆಗಿದೆ.

ನನಗೆ ಪದದ ತೊಡಕು ತೀವ್ರವಾಗಿ ಕಾಣಿಸಿದ್ದು ಇನ್ನೆರಡು ಬಗೆಯ ಬದಲಾವಣೆಗಳಲ್ಲಿ. ಎಚ್‌ಎನ್ ಪ್ರೋಟೀನಿನ ತಲೆಯಭಾಗವನ್ನು ಪೊರೆಗೆ ಜೋಡಿಸುವ ಒಂದು ಕಾಂಡವಿದೆ. ಆ ಕಾಂಡದ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಿದರೆ ಪ್ರೋಟೀನು ಪರೀಕ್ಷೆಗೆ ಬಳಸುವ ಕೆಂಪು ರಕ್ತಕಣಗಳಿಗೆ ಎಂದಿನಂತೆಯೇ ಅಂಟಿಕೊಳ್ಳುತ್ತದೆ, ಆದರೆ ಕೋಶಗಳು ಒಂದಾಗುವುದು ಮಾತ್ರ ತೀರ ಕುಗ್ಗುತ್ತದೆ ಅಥವಾ ನಿಂತೇಹೋಗುತ್ತದೆ. ಇದಕ್ಕೆ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನದು ಎಫ್ ಪ್ರೋಟೀನಿನ 289ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಅಲನಿನ್ ಬಂದಾಗ ಆಗುವುದು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಎಫ್ ಪ್ರೋಟೀನು ಎಚ್‌ಎನ್‌ನ ನೆರವಿಲ್ಲದೆಯೇ ಕೋಶಗಳನ್ನು ಒಂದು ಮಾಡಿತು. ಎಲ್ಲ ಬಗೆಯ ಕೋಶಗಳಲ್ಲಿಯೂ ಹಾಗಾಗುವುದಿಲ್ಲ ಎಂಬುದು ಮುಂದಿನ ಕೆಲಸದಿಂದ ತಿಳಿಯಿತು. ಎಫ್‌ನ ಬಾಲದ ತುದಿಯಲ್ಲಿ, ಅಂದರೆ ಪೊರೆಯ ಒಳಗಡೆ ಉಳಿಯುವ ಭಾಗದಲ್ಲಿ, ಟೈರೊಸಿನ್ ಎಂಬ ಒಂದು ಅಮೈನೊ ಆಮ್ಲ ಬದಲಾದರೂ ಕೋಶಗಳನ್ನು ಒಂದು ಮಾಡುವ ಶಕ್ತಿ ಎಂದಿಗಿಂತ ಹೆಚ್ಚಾಗುವುದುಂಟು. ಈಗ ‘ಅಂಟಿತು, ಆದರೆ ಒಂದಾಗಲಿಲ್ಲ’ ಎಂಬುದನ್ನು ‘ಸೇರಿತು, ಆದರೆ ಸಮ್ಮಿಲನವಾಗಲಿಲ್ಲ’ ಎಂದು ಬರೆದರೆ ಓದುವ ವಿದ್ಯಾರ್ಥಿಗೆ ಎರಡೂ ಒಂದೇ ಎನಿಸುತ್ತವೆ. ಪ್ರಯೋಗ ತೋರಿಸಿದ್ದೇನು ಎಂಬುದು ಅವನಿಗೆ ದಕ್ಕುವುದೇ ಇಲ್ಲ.

ಇನ್ನು ಪದಗಳು. ‘ಸಮ್ಮಿಲನ’ವನ್ನು ಭೌತವಿಜ್ಞಾನದ ಬರಹಗಳಲ್ಲಿ ಪರಮಾಣು ಬೀಜಗಳ ವಿಷಯದಲ್ಲಿ ಬಳಸಿದ್ದನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ವಿದ್ಯಾರ್ಥಿಗಳು ಆ ಪದವನ್ನು ಹೆಚ್ಚಾಗಿ ಕಾಣುವುದು ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನದ ಆಮಂತ್ರಣದಲ್ಲಿ. ಅಲ್ಲಿ ಸೇರಿದವರು ಸಂಜೆಗೆ ತಂತಮ್ಮ ಮನೆಗೆ ಮರಳುತ್ತಾರೆ. ಇಲ್ಲಿ ಮರಳುವ ಮಾತಿಲ್ಲ.

‘ವಿಲೀನ’ದಲ್ಲಿ ಬೇರೆಯೇ ಒಂದು ಓರೆಯಿದೆ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡಿಕೊಂಡ ಮೇಲೆ ಮುಂದೆ ಹರಿಯುವ ಹೊಳೆಗೆ ಕೃಷ್ಣೆ ಎಂಬುದೊಂದೇ ಹೆಸರು. ಚಿಕ್ಕದು ದೊಡ್ಡದರಲ್ಲಿ ಹೆಸರು ಕಳೆದುಕೊಳ್ಳುವುದನ್ನೇ ನಾವು ವಿಲೀನ ಎನ್ನುತ್ತೇವೆ. ವೈರಸ್ಸಿನ ಪೊರೆ ಕೋಶದ ಪೊರೆಯೊಳಗೆ ಸೇರಿಹೋಗುವುದಕ್ಕೆ ಈ ಪದ ಸೊಗಸಾಗಿ ಹೊಂದುತ್ತದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಸರಿಸಮನಾದ ಎರಡು ಕೋಶಗಳು ಒಂದಾಗುವಾಗ ಯಾವುದು ಯಾವುದರಲ್ಲಿ ವಿಲೀನವಾಯಿತು ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ.

‘ಬೆಸುಗೆ’ ನನಗೆ ಇಷ್ಟವಾದ ಪದ, ಆದರೂ ಬಿಡಬೇಕಾಯಿತು. ಪತ್ತಾರರು ಬೆಸುಗೆ ಹಾಕುವಾಗ ನಡುವೆ ಬೇರೊಂದು ಲೋಹವನ್ನು ಕರಗಿಸಿ ಹಾಕುತ್ತಾರೆ, ಅದು ಅಲ್ಲಿಯೇ ಉಳಿಯುತ್ತದೆ. ಆ ಪದವನ್ನು ಬಳಸಿದರೆ ಎಫ್ ಪ್ರೋಟೀನೇ ಎರಡು ಪೊರೆಗಳ ನಡುವೆ ಕುಳಿತ ಅಂಟು ಎಂಬ ತಪ್ಪು ಕಲ್ಪನೆ ಮೂಡುತ್ತದೆ. ವಾಸ್ತವದಲ್ಲಿ ಪೊರೆಯ ಕೊಬ್ಬು ಕೊಬ್ಬಿನೊಡನೆ ನೇರವಾಗಿ ಬೆರೆಯುತ್ತದೆ. ಪ್ರೋಟೀನು ಎಳೆದು ತರುವ ಕೆಲಸವನ್ನಷ್ಟೇ ಮಾಡುತ್ತದೆ.

ನಾನು ಹಿಡಿದಿರುವುದು ‘ಒಂದುಗೂಡು’ ಎಂಬ ಕ್ರಿಯಾಪದ. ಪೊರೆಗಳು ಒಂದುಗೂಡುತ್ತವೆ, ಎಫ್ ಪ್ರೋಟೀನು ಅವುಗಳನ್ನು ಒಂದುಗೂಡಿಸುತ್ತದೆ ಎಂದಾಗ ಮಾಡುವವರು ಯಾರು, ಆಗುವುದು ಯಾವುದರಲ್ಲಿ ಎಂಬುದು ಕ್ರಿಯಾಪದದ ರೂಪದಲ್ಲಿಯೇ ತಿಳಿಯುತ್ತದೆ. ಬರಿಯ ‘ಕೂಡು’ ಸಾಲದೇ ಎಂದು ಕೆಲವರು ಕೇಳಬಹುದು. ನಮ್ಮ ಕಡೆ ಮನೆಗೆ ಬಂದವರಿಗೆ ‘ಕೂಡ್ರಿ’ ಎಂದರೆ ಕುಳಿತುಕೊಳ್ಳಿ ಎಂದರ್ಥ. ‘ಕೋಶಗಳು ಕೂಡುತ್ತವೆ’ ಎಂಬ ವಾಕ್ಯ ಬಾಗಲಕೋಟೆ, ವಿಜಯಪುರದ ಕಿವಿಗೆ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ. ಸಮಾಸದಲ್ಲಿ ಆ ತೊಂದರೆ ಇಲ್ಲ. ಆದ್ದರಿಂದ ಅನೇಕ ಕೋಶಕೇಂದ್ರಗಳಿರುವ ಆ ದೊಡ್ಡ ಕೋಶಕ್ಕೆ, ಕೂಡುಕುಟುಂಬ ಎಂಬ ಪದದ ಜಾಡಿನಲ್ಲಿ, ‘ಕೂಡುಕೋಶ’ ಎಂದು ಬರೆದಿದ್ದೇನೆ.

ಉಳಿದ ಪದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಳಿದ ಮೇಲೂ ಎಫ್‌ನ ಎರಡು ಭಾಗಗಳು ಗಂಧಕದ ಬಂಧದಿಂದ ಜೊತೆಯಲ್ಲಿಯೇ ಉಳಿಯುವುದರಿಂದ ‘ತುಂಡರಿಸು’ ಎನ್ನದೆ ‘ಸೀಳು’ ಎಂದಿದ್ದೇನೆ. ಮ್ಯುಟೇಶನ್ ಎಂಬುದಕ್ಕೆ ಪಠ್ಯಪುಸ್ತಕಗಳ ‘ಉತ್ಪರಿವರ್ತನೆ’ಯನ್ನೇ ಉಳಿಸಿಕೊಂಡಿದ್ದೇನೆ, ಕೊರೊನಾ ಕಾಲದಲ್ಲಿ ಪತ್ರಿಕೆಗಳು ರೂಢಿಗೆ ತಂದ ‘ರೂಪಾಂತರಿ’ ಇಡೀ ವೈರಸ್ ತಳಿಗೆ ಹೊಂದುತ್ತದೆಯೇ ಹೊರತು ಒಂದು ಅಮೈನೊ ಆಮ್ಲದ ಬದಲಾವಣೆಗೆ ಹೊಂದುವುದಿಲ್ಲ.

ಬಳಗದಲ್ಲಿ ಕೇಳಬೇಕಾದದ್ದು ಎರಡು. ಪೊರೆಗಳ ಹೊರಪದರಗಳು ಮಾತ್ರ ಬೆರೆತು, ಒಳಪದರಗಳು ಇನ್ನೂ ಬೇರೆಯಾಗಿಯೇ ಇರುವ ಒಂದು ನಡುಹಂತವಿದೆ. ಆಗ ಗುರುತಿಗಾಗಿ ಪೊರೆಗೆ ಹಾಕಿದ ಬಣ್ಣ ಒಂದು ಕೋಶದಿಂದ ಇನ್ನೊಂದಕ್ಕೆ ಹರಿಯುತ್ತದೆ, ಒಳಗಿನ ದ್ರವ ಹರಿಯುವುದಿಲ್ಲ. ಇದಕ್ಕೆ ‘ಅರೆ-ಒಂದುಗೂಡಿಕೆ’ ಎಂದರೆ ಉದ್ದವಾಯಿತೇ, ‘ಅರೆಗೂಡಿಕೆ’ ಎಂದು ಚಿಕ್ಕದಾಗಿಸಿದರೆ ಅರ್ಥ ಕೆಡುತ್ತದೆಯೇ? ಎರಡನೆಯದು, ಎಂದಿಗಿಂತ ಹೆಚ್ಚಾಗಿ ಕೋಶಗಳನ್ನು ಒಂದುಗೂಡಿಸುವ ಪ್ರೋಟೀನಿನ ಆ ಗುಣಕ್ಕೆ ಒಂದೇ ಪದ ಬೇಕಾಗಿದೆ. ‘ಅತಿಕೂಡಿಕೆ’ ಎಂಬುದು ಪ್ರೋಟೀನಿನ ಶಕ್ತಿಗೆ ಹೆಸರಾಗದೆ ಆದ ಘಟನೆಗೆ ಹೆಸರಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಜೀವವಿಜ್ಞಾನವನ್ನು ಕನ್ನಡದಲ್ಲಿ ಪಾಠ ಹೇಳುವವರು ತರಗತಿಯಲ್ಲಿ ಬಾಯಿಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿರಿ.