ಸಹಾಯ ಬೇಕು: ಮಂಡಿ ಹಿಂದಿನ ಸಿರೆಯ ಅಳತೆ

ದಾವಣಗೆರೆ, ಚಿತ್ರದುರ್ಗದ ಅನಾಟಮಿ ಸರ್, ಮೇಡಂಗಳೇ, ಡಿಸೆಕ್ಷನ್ ಹಾಲ್‌ನಲ್ಲಿ ಸ್ಮಾಲ್ ಸಫೀನಸ್ ಸಿರೆ (ಮೀನಖಂಡದ ಹಿಂದೆ ಚರ್ಮದಡಿ ಮೇಲೇರುವ ಸಿರೆ) ಎಲ್ಲಿ ಸೇರುತ್ತೆ ಅಂತ ಅಳೆದು ಕೊಡ್ತೀರಾ? ಸರ್ಜರಿ ಪಿಜಿಗಳ ಪಾಠಕ್ಕೆ ಬೇಕು.

ಸಾಮಾನ್ಯವಾಗಿ ಮಂಡಿ ಹಿಂದಿನ ಗೆರೆಯಿಂದ 2–4 ಸೆಂ.ಮೀ. ಮೇಲೆ ಆಳದಲ್ಲಿರುವ ಪಾಪ್ಲಿಟಿಯಲ್ ಸಿರೆಗೆ ಸೇರುತ್ತೆ. ಕೆಲವರಲ್ಲಿ ಅಲ್ಲಿ ಸೇರದೇ ತೊಡೆಗೆ ಹತ್ತಿ, ಜಿಯಾಕೊಮಿನಿ ಸಿರೆಯಾಗಿ, ಕಾಲಿನ ಒಳಬದಿಯ ಗ್ರೇಟ್ ಸಫೀನಸ್‌ಗೆ ಕೂಡುತ್ತೆ. ಇದು ಗೊತ್ತಿಲ್ಲದೆ ಗೆರೆ ಹತ್ತಿರವೇ ಸಿರೆ ಕಟ್ಟಿದರೆ ಮೇಲೆ ತುಂಡು ಉಳಿದು ವೆರಿಕೋಸ್ (ಸಿರೆ ಉಬ್ಬಿ ತಿರುಚಿಕೊಳ್ಳೋದು) ಮರುಕಳಿಸಬಹುದು; ಕುರುಡಾಗಿ ಹುಡುಕಿದರೆ ಪಕ್ಕದ ಟಿಬಿಯಲ್ ನರಕ್ಕೇ ಪೆಟ್ಟು. ಅದಕ್ಕೇ ಆಪರೇಷನ್‌ಗೆ ಮುಂಚೆ ರೋಗಿಯನ್ನು ನಿಲ್ಲಿಸಿ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿ ಗುರುತು ಹಾಕಲೇಬೇಕು. ಮಲಗಿಸಿದರೆ ಸಿರೆ ಕುಗ್ಗಿ ಸರಿಯಾಗಿ ಕಾಣಲ್ಲ.

ಕಾಲು ಎಡವೋ ಬಲವೋ, ಗೆರೆಯಿಂದ ಎಷ್ಟು ಸೆಂ.ಮೀ., ಸೂರಲ್ ನರ (ಈ ಸಿರೆ ಜೊತೆ ಸಾಗುವ ಸ್ಪರ್ಶದ ನರ) ಸಿರೆಯ ಯಾವ ಬದಿ, ಇಷ್ಟು ಬರೆಯಿರಿ. ವಿಭಾಗದ ಅನುಮತಿ ಇದ್ದರೆ ಸ್ಕೇಲ್ ಇಟ್ಟ ಫೋಟೊ. ದೇಹದಾನಿಯ ಗುರುತು ಬೇಡವೇ ಬೇಡ.