ಬಾಣಂತಿಯ ಮನಸ್ಸಿಗೆ ಕಡಿಮೆ ಖರ್ಚಿನ ಚಿಕಿತ್ಸೆ: ತಾಲ್ಲೂಕಿನಲ್ಲೇ ಎಲ್ಲಿ ಕೇಳಬೇಕು?

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ತಿಪಟೂರು ತಾಲ್ಲೂಕಿನ ನಮ್ಮ ತವರುಮನೆಗೆ ಬಂದಿದ್ದಾಳೆ. ಮಗುವಿಗೆ ಈಗ ಐದು ವಾರ. ಮಗು ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ. ತೊಟ್ಟಿಲ ಪಕ್ಕ ಕುಳಿತು, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮಗುವಿನ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಲೇ ಇರುತ್ತಾಳೆ. ಇವನನ್ನು ಸಾಕುವ ಯೋಗ್ಯತೆ ನನಗಿಲ್ಲ ಎಂದು ಅಳುತ್ತಾಳೆ. ಅಮ್ಮ ಎರಡು ಸಲ ದೃಷ್ಟಿ ತೆಗೆದರು. ಎಲ್ಲ ಬಾಣಂತಿಯರೂ ಹೀಗೇ ಎನ್ನುತ್ತಾರೆ. ಬೆಂಗಳೂರಿನ ಖಾಸಗಿ ಆಪ್ತಸಮಾಲೋಚಕರೊಬ್ಬರನ್ನು ವಿಚಾರಿಸಿದರೆ ಒಂದು ಭೇಟಿಗೆ 1,500 ರೂಪಾಯಿ ಎಂದರು. ತಂಗಿಯ ಗಂಡ ಆಟೋ ಓಡಿಸುತ್ತಾರೆ, ಅಷ್ಟು ಹಣ ಹೊಂದಿಸುವುದು ಕಷ್ಟ. ಹತ್ತಿರದಲ್ಲಿ ಬೇರೆ ದಾರಿ ಇದೆಯೇ?

ಉತ್ತರ: ಇದೆ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಶುರುವಾಗುವ ಅಳು, ಕಳವಳಗಳು ಬಹಳಷ್ಟು ತಾಯಂದಿರಿಗೆ ಇರುತ್ತವೆ ಎಂಬ ಮಟ್ಟಿಗೆ ನಿಮ್ಮ ತಾಯಿಯವರ ಮಾತು ಸರಿ. ಆದರೆ ಅವು ಎರಡು ವಾರದೊಳಗೆ ತಾವಾಗಿಯೇ ಇಳಿಯಬೇಕು. ಐದನೆಯ ವಾರದಲ್ಲೂ, ಮಗು ಮಲಗಿರುವಾಗಲೂ ನಿದ್ದೆ ಬಾರದಿದ್ದರೆ ವೈದ್ಯರು ನೋಡಲೇಬೇಕು. ಇಲ್ಲಿಂದಲೇ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ, ಹಾಗಾಗಿ ಹೇಳುವುದಿಲ್ಲ.

ಇಂದು ರಾತ್ರಿಯೇ ಮಾಡಬಹುದಾದ ಕೆಲಸವೊಂದಿದೆ. ಸಾಯಬೇಕೆನಿಸುತ್ತದೆಯೇ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ ಬರುತ್ತದೆಯೇ ಎಂದು ತಂಗಿಯನ್ನು ಒಬ್ಬಳೇ ಇದ್ದಾಗ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರೂ ಕೇಳದ ಕಾರಣಕ್ಕೆ ತಿಂಗಳುಗಟ್ಟಲೆ ಅದನ್ನು ಒಳಗೇ ಇಟ್ಟುಕೊಂಡವರನ್ನು ನಾನು ಹೊರರೋಗಿ ವಿಭಾಗದಲ್ಲಿ ನೋಡಿದ್ದೇನೆ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. ಇಲ್ಲವೆಂದರೂ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಅವಳು ಒಪ್ಪದಿದ್ದರೆ ಅಕ್ಕನಾದ ನೀವೇ ಮಾಡಬಹುದು.

ಇನ್ನು ನೇರ ಭೇಟಿಯ ವಿಷಯ. ಸರ್ಕಾರಿ ಆಸ್ಪತ್ರೆಗಳ ಮೂಲಕ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದು ಪ್ರತಿ ಜಿಲ್ಲೆಯಲ್ಲೂ ಇದೆ. 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆಸಿ ನೋಡಿದ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು, ಆದರೂ ನಮ್ಮವರಿಗೇ ಅದರ ಸುದ್ದಿ ಕಡಿಮೆ. ಇದರ ಜೊತೆಗೆ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ಬಾಣಂತಿಯನ್ನು ಹೊರಗೆ ಕಳಿಸುವುದಿಲ್ಲ ಎಂಬ ತಕರಾರು ಮನೆಯಲ್ಲಿ ಬರಬಹುದು. ಆದರೆ ಮುಂದಿನ ವಾರ ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಬರುತ್ತದೆ, ಆಗ ಹೇಗೂ ಹೊರಡಲೇಬೇಕು. ಆಶಾ ಕಾರ್ಯಕರ್ತೆಯ ಮನೆಭೇಟಿಗಳಲ್ಲಿ ಕೊನೆಯದು 42ನೆಯ ದಿನಕ್ಕೆ, ಅದೂ ಸುಮಾರಿಗೆ ಅದೇ ಸಮಯ. ಮಗುವಿನ ತೂಕ ನೋಡಿ ಎದ್ದು ಹೋಗಲು ಬಿಡದೆ, ತಂಗಿಯ ನಿದ್ದೆಯ ವಿಷಯವನ್ನು ಅವರ ಕಿವಿಗೆ ಹಾಕಿ; ಜೊತೆಗೆ ಬರುವಂತೆಯೂ ಕೇಳಿ. ಆಶಾ ಬಂದು ಕರೆದರೆ ಒಪ್ಪುವ ಅಜ್ಜಿಯರು, ಮನೋವೈದ್ಯರ ಹೆಸರೆತ್ತಿದರೆ ಬಾಗಿಲು ಹಾಕಿಬಿಡುತ್ತಾರೆ. ತಾಯಿ ಕಾರ್ಡ್ ಮರೆಯಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ, ಏಕೆಂದರೆ ಹೆರಿಗೆಯ ನಂತರ ಇವೆರಡರ ಏರುಪೇರು ಸುಸ್ತು, ಕಳವಳಗಳ ರೂಪದಲ್ಲೇ ಕಾಣಿಸಿಕೊಳ್ಳಬಹುದು.

ಪ್ರಶ್ನೆ (ಅವರದೇ): ಮಾತ್ರೆ ಬರೆದರೆ ಎದೆಹಾಲು ನಿಲ್ಲಿಸಬೇಕಾಗುತ್ತದೆಯೇ? ಅಮ್ಮನಿಗೆ ಅದೇ ದೊಡ್ಡ ಭಯ.

ಉತ್ತರ: ಸಾಮಾನ್ಯವಾಗಿ ಬೇಕಾಗುವುದಿಲ್ಲ. ಉದಾಹರಣೆಗೆ ಸರ್ಟ್ರಲಿನ್ ಎಂಬ ಮಾತ್ರೆ ಹಾಲಿಗೆ ಇಳಿಯುವ ಪ್ರಮಾಣ ಬಹಳ ಕಡಿಮೆ. ಹಾಲೂಡಿಸುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿದರೆ ಅದಕ್ಕೆ ತಕ್ಕ ಮಾತ್ರೆಯನ್ನೇ ಆರಿಸುತ್ತಾರೆ. ಎಲ್ಲರಿಗೂ ಮಾತ್ರೆಯೇ ಬೇಕೆಂದೂ ಇಲ್ಲ. ಆಪ್ತಸಮಾಲೋಚನೆ ಮತ್ತು ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ಮನೆಯವರು ಸರದಿ ಹಾಕಿಕೊಂಡರೆ ಕೆಲವರು ಚೇತರಿಸಿಕೊಳ್ಳುತ್ತಾರೆ. ಮಾತ್ರೆಯನ್ನು ಹೊರಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ (ಮತ್ತೊಬ್ಬ ಮಹಿಳೆ): ನಾನು ಐದು ತಿಂಗಳ ಗರ್ಭಿಣಿ. ಮನಸ್ಸಿನ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಮನೆಯವರ ಮಾತು ಕೇಳಿ ಬಿಟ್ಟಿದ್ದೇನೆ. ಹಿಂದಿನ ಹೆರಿಗೆಯಲ್ಲಿ ನನಗೆ ಬಾಣಂತಿ ಸನ್ನಿ ಆಗಿತ್ತು.

ಉತ್ತರ: ನೀವು ಈ ವಾರವೇ ಮನೋವೈದ್ಯರನ್ನು ಕಾಣಬೇಕು. ಒಮ್ಮೆ ಸನ್ನಿಯಾದವರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುವ ಸಂಭವ ಹೆಚ್ಚು. ಬಿಟ್ಟ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಸೋಡಿಯಂ ವಾಲ್‌ಪ್ರೊಯೇಟ್‌ನಂಥವು ಬಸುರಿನಲ್ಲಿ ಮಗುವಿಗೆ ಹಾನಿಕರ, ಬೇರೆ ಕೆಲವನ್ನು ವೈದ್ಯರ ನಿಗಾದಲ್ಲಿ ಮುಂದುವರಿಸಬಹುದು. ನಿಮ್ಮ ಮಾತ್ರೆ ಯಾವ ಬಗೆಯದು ಎಂಬುದನ್ನು ಹಳೆಯ ಚೀಟಿ ನೋಡಿಯೇ ಹೇಳಬೇಕಾದ್ದರಿಂದ ಅದನ್ನು ಹುಡುಕಿಟ್ಟುಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. ದಾಖಲಾದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯ ನಿಮಗಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಪರವಾಗಿದೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ, ಮಗುವಿಗೆ ಅಪಾಯವಿದ್ದಾಗ ಮಾತ್ರ ತಾತ್ಕಾಲಿಕವಾಗಿ ದೂರವಿರಿಸಬಹುದು. ಹೋಗುವಾಗ ಮಾತ್ರೆ ಬಿಡಿಸಿದ ಮನೆಯವರನ್ನೂ ಒಳಗೆ ಕರೆದುಕೊಂಡು ಹೋಗಿ. ಮಾತ್ರೆಯ ಮಾತನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.